ನಡುಕ ನಿಂತ ಮೇಲೆ

ನನ್ನ ತಂಗಿ ಶೋಭಾಳ ಕೈ ನಡುಗುವುದು ನಿಂತಾಗ ನಾವು ಕದರಮಂಡಲಗಿಗೆ ಹೋಗಿ ಆಂಜನೇಯನಿಗೆ ಕಾಯಿ ಒಡೆಸಿಕೊಂಡು ಬಂದೆವು.

ಹನ್ನೊಂದನೇ ವಯಸ್ಸಿಗೇ ಅವಳಿಗೆ ಟೈಪ್ ಒನ್ ಡಯಾಬಿಟಿಸ್. ಇನ್ಸುಲಿನ್ ತಾನೇ ಚುಚ್ಚಿಕೊಳ್ಳುತ್ತಿದ್ದಳು. ಶುಗರ್ ಇಳಿದರೆ ಮೊದಲು ಕೈ ನಡುಗುತ್ತಿತ್ತು. ಕೂಡಲೇ ಸೆರಗಿನ ಗಂಟು ಬಿಚ್ಚಿ ಸಕ್ಕರೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಇಪ್ಪತ್ತು ವರ್ಷ ಹೀಗೇ ನಡೆಯಿತು. ಆಮೇಲೆ ಆ ನಡುಕವೇ ಬರಲಿಲ್ಲ. ರೋಗ ಹಗುರಾಯಿತು ಅಂದುಕೊಂಡೆವು.

ಕಾಯಿ ಒಡೆಸಿಕೊಂಡು ಬಂದ ಮರುವಾರ ಒಲೆಯ ಮುಂದೆ ಎಚ್ಚರ ತಪ್ಪಿ ಬಿದ್ದಳು.

"ಆ ನಡುಕ ಕಾವಲುಗಾರ ಇದ್ದಂಗ್ರಿ," ರಾಣೆಬೆನ್ನೂರಿನ ಡಾಕ್ಟರು ಹೇಳಿದರು. "ಈಗ ಶುಗರ್ ಇಳಿದದ್ದು ಮೈಗೇ ಗೊತ್ತಾಗವಲ್ದು."

"ಅದು ತಿರುಗಿ ಬರಾಕ ಏನ್ ಮಾಡಬೇಕ್ರಿ?" ಶೋಭಾ ಕೇಳಿದಳು.

ಇನ್ಸುಲಿನ್ ಪ್ರಮಾಣ ಬದಲಿಸಿ ನೋಡಿದರು. ಪ್ರಯೋಜನವಾಗಲಿಲ್ಲ. ಆಗ ಐಲೆಟ್ ಸೆಲ್ ಟ್ರಾನ್ಸ್‌ಪ್ಲಾಂಟ್ ಎಂಬುದರ ಬಗ್ಗೆ ಹೇಳಿದರು. ತೀರಿಕೊಂಡವರ ಪ್ಯಾಂಕ್ರಿಯಾಸ್‌ನಿಂದ ಇನ್ಸುಲಿನ್ ಮಾಡುವ ಸೆಲ್‌ಗಳನ್ನು ಬೇರ್ಪಡಿಸಿ, ಸಣ್ಣ ಕೊಳವೆಯ ಮೂಲಕ ಲಿವರ್‌ಗೆ ಬಿಡುತ್ತಾರಂತೆ. ಅವು ಅಲ್ಲಿ ನೆಲೆಗೊಂಡರೆ ಶುಗರ್ ಹೀಗೆ ಕುಸಿಯುವುದಿಲ್ಲ, ಕಾವಲೂ ಮರಳಬಹುದು. ದೇಹ ಅವನ್ನು ತಳ್ಳಿಹಾಕದಂತೆ ಕೊನೆಯವರೆಗೂ ಗುಳಿಗೆ ನುಂಗಬೇಕು.

"ಹೊರದೇಶದಾಗ ಕೆಲವು ಕಡೆ ಮಾಡ್ತಾರ. ನಮಗ ಇನ್ನೂ ಸಿಗಂಗಿಲ್ರಿ. ಸುಳ್ಳು ಆಸೆ ಹಚ್ಚಂಗಿಲ್ಲ ನಾ."

ಅವರು ಹಚ್ಚದಿದ್ದರೂ ಆಸೆ ಹತ್ತಿತು. ಬ್ಯಾಡಗಿಗೆ ಮರಳುವ ಬಸ್ಸಿನಲ್ಲಿ ಶೋಭಾ ಕೇಳಿದಳು, "ಅಕ್ಕಾ, ನನ್ನ ಲಿವರ್‌ನಾಗ ಬಂದು ಕುಂದ್ರಾವ್ರು ಹೆಂಗ್ಸೋ ಗಂಡ್ಸೋ?"

"ಗಂಡ್ಸಾದ್ರ ಏನ್ ಮಾಡ್ತಿ?"

"ಬಂದಕೂಡ್ಲೆ ಚಾ ಕೇಳ್ತಾನ."

ಇಬ್ಬರೂ ನಕ್ಕೆವು. ಇನ್ಸುಲಿನ್ ಬಿಡಬೇಕೆಂದು ಅವಳು ಎಂದೂ ಬೇಡಲಿಲ್ಲ. ಬೀಳುವ ಮುಂಚೆ ಬೀಳುತ್ತೇನೆಂದು ಗೊತ್ತಾದರೆ ಸಾಕಾಗಿತ್ತು. ಆ ಟ್ರಾನ್ಸ್‌ಪ್ಲಾಂಟ್ ನಮ್ಮ ಕಡೆ ಬಂತೇ ಎಂದು ಪ್ರತಿ ತಿಂಗಳು ಡಾಕ್ಟರನ್ನು ಕೇಳುತ್ತಿದ್ದಳು. ಪ್ರತಿ ತಿಂಗಳೂ ಅದೇ ಉತ್ತರ. ಒಬ್ಬಳೇ ಇರಬಾರದು ಎಂದಿದ್ದರು. ಹಾಗಾಗಿ ನಾನು ಎಲ್ಲಿಯೋ ಅವಳೂ ಅಲ್ಲಿಯೇ.

ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸ ನಮ್ಮದು. ಘಾಟು ತಡೆಯಲು ಎಲ್ಲರೂ ಕಣ್ಣಷ್ಟೇ ಬಿಟ್ಟು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕೂರುತ್ತೇವೆ. ಖಾರದ ಕೈಯನ್ನು ಯಾರೂ ಯಾರ ಮುಖಕ್ಕೂ ತರುವುದಿಲ್ಲ. ಚಿಕ್ಕಂದಿನಿಂದ ಬಂದ ರೂಢಿ ಅದು.

ಒಂದು ಮಧ್ಯಾಹ್ನ ಖಾಲಿ ಚೀಲ ತರಲು ಹೋದ ನನಗೆ ತಡವಾಯಿತು. ಬಂದಾಗ ಶೋಭಾ ಮೂಟೆಗೆ ಒರಗಿದ್ದಳು.

"ನಿನ್ನ ತಂಗಿ ನೋಡವ್ವಾ, ತವರಮನಿಗೆ ಬಂದಂಗ ಮಲ್ಗ್ಯಾಳ," ಪಕ್ಕದಲ್ಲಿದ್ದ ಮಲ್ಲವ್ವ ನಕ್ಕಳು.

"ಎಷ್ಟೊತ್ತಾತು?"

"ಭಾಳ ಹೊತ್ತಾತು. ಏನೋ ತೊದಲಿದ್ಳು. ನಿದ್ದಿಗಣ್ಣಾಗ ಅಂತ ಬಿಟ್ವಿ."

ಬಟ್ಟೆಯ ತುದಿ ಹಿಡಿದು ಎಳೆದೆ. ಒಳಗೆ ಮುಖವೆಲ್ಲ ಬೆವರು. ಸಕ್ಕರೆ ಅವಳ ಸೆರಗಿನಲ್ಲೇ ಇತ್ತು.

ನಾನು ಕೈ ತೊಳೆಯಲು ಓಡಿದೆ.

ತೊಳೆದುಕೊಂಡು ಬಂದು ಸಕ್ಕರೆ ಇಟ್ಟರೆ ಅದು ಕೆನ್ನೆಯೊಳಗೇ ಉಳಿಯಿತು. ಹಾವೇರಿಯ ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದರು. ಶುಗರ್ ಏರಿತು. ಶೋಭಾ ಏಳಲಿಲ್ಲ. ಮೆದುಳಿಗೆ ತುಂಬಾ ಹೊತ್ತು ಸಕ್ಕರೆ ಸಿಕ್ಕಿರಲಿಲ್ಲ, ನೀವು ಕೈ ತೊಳೆದಷ್ಟರಿಂದ ಏನೂ ಆಗಿಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದರು. ಅವರು ಓದಿದವರು, ನಂಬಬೇಕು. ದಿನಕ್ಕೊಮ್ಮೆ ನಂಬುತ್ತೇನೆ, ಮತ್ತೆ ಬಿಟ್ಟುಹೋಗುತ್ತದೆ.

ನಾಲ್ಕನೇ ದಿನ ಬೆಳಿಗ್ಗೆ ಹೋದಳು.

ಅವಳ ಕಣ್ಣು ದಾನ ಮಾಡುತ್ತೀರಾ ಎಂದು ಡಾಕ್ಟರು ಮೆಲ್ಲಗೆ ಕೇಳಿದರು. ನಾನು ಬೇರೆಯದನ್ನೇ ಕೇಳಿದೆ.

"ಅಕಿ ಪ್ಯಾಂಕ್ರಿಯಾಸ್ ಅಕಿಯಂಥಾ ಇನ್ನೊಬ್ಬಾಕಿಗೆ ಬರ್ತೈತೇನ್ರಿ?"

ಕೇಳಿದ ಮೇಲೆ ಎಂಥ ಪ್ರಶ್ನೆ ಎಂದು ನನಗೇ ತಿಳಿಯಿತು. ಅವರು ನಗಲಿಲ್ಲ. ಬೆಂಚಿನ ಮೇಲೆ ನನ್ನ ಪಕ್ಕ ಕುಳಿತರು.

"ಇಲ್ರಿ ಅಕ್ಕಾರ. ಅದರಾಗಿನ ಸೆಲ್ ಅಕಿ ಸಣ್ಣಾಕಿದ್ದಾಗನ ಹೋಗ್ಯಾವ. ಕಣ್ಣು ಚಲೋ ಅದಾವ."

ಆ ಉತ್ತರಕ್ಕೆ ಅವರಿಗೆ ಋಣಿ. ಕಾಗದ ತಂದರು. ಸಹಿ ಮಾಡಿದೆ. ಅವಳ ಬಳಿ ಕೊಡಲು ಅಷ್ಟಾದರೂ ಇತ್ತು.