ಪೆನ್ಸಿಲಕ್ಕನ ಕಡ್ಡಿಗಳು

ಪ್ರಯೋಗಶಾಲೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಪೆನ್ಸಿಲಕ್ಕ. ಇಪ್ಪತ್ತೆರಡು ವರ್ಷದಿಂದ ಗಾಜಿನ ಸಾಮಾನು ತೊಳೆಯುವ ಅಟೆಂಡರ್. ಆದರೆ ಏಳು ವರ್ಷದಿಂದ ಆ ಕೋಣೆಯ ಅಸಲು ಕೆಲಸವೆಲ್ಲ ನಡೆಯುತ್ತಿದ್ದದ್ದು ಅವಳ ಬೆರಳಿನಲ್ಲಿ.

ಮಿದುಳಿನಲ್ಲಿ ಡೋಪಮೈನ್ ಅಂತ ಒಂದು ರಸ ಇದೆ, ಅದು ಕಮ್ಮಿಯಾದರೆ ಕೈಕಾಲು ನಡುಗುತ್ತವೆ. ಅದನ್ನು ಅಳೆಯಬೇಕಾದರೆ ದ್ರಾವಣದಲ್ಲಿ ಒಂದು ಕಡ್ಡಿ ಅದ್ದಿ ಕರೆಂಟು ಹರಿಸಬೇಕು. ಹೊರಗಿಂದ ತರಿಸುವ ಕಡ್ಡಿಯೋ, ಮುಟ್ಟಿದರೆ ಕೈ ಸುಡುವಷ್ಟು ದುಬಾರಿ. ಪೆನ್ಸಿಲಕ್ಕನದು ಮೂಲೆಯಂಗಡಿಯ ಪೆನ್ಸಿಲ್ಲಿನ ಗ್ರಾಫೈಟ್ ಕಡ್ಡಿ. ಅದಕ್ಕೆ ಉಗುರುಬಣ್ಣ ಬಳಿದು, ಕರೆಂಟು ತುದಿಯಲ್ಲಷ್ಟೇ ಹರಿಯಲೆಂದು ಅಲ್ಲಿ ಅಕ್ಕಿಕಾಳಿನಷ್ಟು ಜಾಗ ಮಾತ್ರ ಖಾಲಿ ಬಿಟ್ಟು, ಬಿಳಿ ಕಾಗದದ ಮೇಲೆ ನಯವಾಗಿ ಉಜ್ಜುತ್ತಿದ್ದಳು. ಉಗುರುಬಣ್ಣದ ಉಪಾಯ ಯಾವ ಪಂಡಿತರೂ ಹೇಳಿಕೊಟ್ಟದ್ದಲ್ಲ. ಮೊದಲು ಮೇಣ ಹಚ್ಚುತ್ತಿದ್ದರು, ಅದು ಸಿಪ್ಪೆ ಹಾಗೆ ಕಳಚಿಬರುತ್ತಿತ್ತು. ಒಂದು ದಿನ ಅವಳು ತನ್ನ ಉಗುರು ನೋಡಿಕೊಂಡಳು: ವಾರವೆಲ್ಲ ಸೋಪಿನ ನೀರಲ್ಲಿ ಕೈಯಾಡಿಸಿದರೂ ಬಣ್ಣ ಜಪ್ಪಯ್ಯ ಅಂದರೂ ಹೋಗಿಲ್ಲ. ಅಲ್ಲಿಂದ ಶುರುವಾಯಿತು.

ಇಷ್ಟಾದ ಮೇಲೆ ಸಂಶೋಧನೆ ಮಾಡುವ ಹುಡುಗಿ ಲೇಖನ ಬರೆದಳು. ಅದರಲ್ಲಿ ಏನಿದೆ ಅಂತ ಪೆನ್ಸಿಲಕ್ಕ ಕೇಳಿ ಓದಿಸಿಕೊಂಡಳು. "ಈ ಕಡ್ಡಿಗಳನ್ನು ನಾವೇ ರೂಪಿಸಿದೆವು" ಅಂತಿತ್ತು. ನಾವೇ ಅಂತೆ! ಯಾರಪ್ಪಾ ಈ ನಾವು? ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲು ಅನ್ನೋದು ಸುಮ್ಮನೆ ಅಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಸೀದಾ ಪ್ರಯೋಗಶಾಲೆ ನಡೆಸುವ ಮೇಷ್ಟ್ರ ಹತ್ತಿರ ಹೋದಳು. "ಸಾರ್, ಲೇಖನದಲ್ಲಿ ನನ್ನ ಹೆಸರೂ ಹಾಕ್ಸಿ."

ಮೇಷ್ಟ್ರು ನಕ್ಕರು. "ಅಯ್ಯೋ ಪೆನ್ಸಿಲಕ್ಕ, ಹೀಗೆ ಹಾಕ್ತಾ ಹೋದ್ರೆ ನಾಳೆ ಕಸ ಗುಡಿಸೋಳ ಹೆಸರೂ ಹಾಕ್ಬೇಕಾಗುತ್ತೆ."

"ಅವಳು ಕಡ್ಡಿ ಮಾಡಿದ್ರೆ ಅವಳದೂ ಹಾಕಿ ಸಾರ್. ತಪ್ಪೇನು?"

ಮೇಷ್ಟ್ರು ಫೋನು ಕಿವಿಗಿಟ್ಟುಕೊಂಡರು.

ಮನೆಯಲ್ಲಿ ಗಂಡ, ಟೈಲರು, ಸಮಾಧಾನ ಹೇಳಲು ಬಂದ. "ಬಿಡೇ, ಹೆಸರಿಂದ ಹೊಟ್ಟೆ ತುಂಬುತ್ತಾ?"

"ನೀವು ಹೊಲಿದ ಕೋಟನ್ನ ಪಕ್ಕದಂಗಡಿಯವನು ನಾನೇ ಹೊಲಿದಿದ್ದು ಅಂದ್ರೆ?"

ಟೈಲರು ಒಂದು ಕ್ಷಣ ಯೋಚಿಸಿದ. "ಕತ್ತರಿ ತಗೊಂಡು ಹೋಗ್ತೀನಿ!" ಅಂದ.

ಲೇಖನ ಅಚ್ಚಿಗೆ ಹೋಗುವ ಮೊದಲು ಕೆಲಸ ಕಣ್ಣಾರೆ ನೋಡಬೇಕೆಂದು ಇಬ್ಬರು ಪರೀಕ್ಷಕರು ಬಂದರು. ಹುಡುಗಿ ಕಡ್ಡಿ ಅದ್ದಿದಳು. ಕಂಪ್ಯೂಟರ್ ಪರದೆಯ ಮೇಲೆ ಅಚ್ಚುಕಟ್ಟಾಗಿ ಒಂದು ದಿಬ್ಬ ಏಳಬೇಕಿತ್ತು, ಗೆರೆ ಹುಚ್ಚೆದ್ದು ಕುಣಿಯಿತು. ಎರಡನೇ ಕಡ್ಡಿ, ಮೂರನೇದು, ಒಂದೊಂದರದ್ದೂ ಒಂದೊಂದು ಲೆಕ್ಕ.

"ಏನು ಪೆನ್ಸಿಲಕ್ಕ, ಎಂಥಾ ಕಡ್ಡಿ ಮಾಡಿಟ್ಟಿದೀಯ?" ಮೇಷ್ಟ್ರು ಎಲ್ಲರೆದುರು ರೇಗಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಕಡ್ಡಿ ಕೆಟ್ಟಾಗ ಮಾತ್ರ ಅದು ಪೆನ್ಸಿಲಕ್ಕನದು.

ಅವಳು ಸಿಂಕಿನ ಹತ್ತಿರದಿಂದ ಬಂದು ಕಡ್ಡಿ ಎತ್ತಿ ನೋಡಿದಳು. ಬಣ್ಣ ಅರ್ಧಕ್ಕರ್ಧ ಮಾಯ.

"ಇದನ್ನ ಯಾತರಲ್ಲಿ ತೊಳೆದ್ಯಮ್ಮಾ?"

"ಶುಭ್ರವಾಗಿರ್ಲಿ ಅಂತ ಅಸಿಟೋನ್‌ನಲ್ಲಿ..."

"ಅಸಿಟೋನ್‌ನಲ್ಲಾ! ಉಗುರುಬಣ್ಣ ತೆಗೆಯೋದೇ ಅದರಲ್ಲಿ ಕಣಮ್ಮ! ನಾವೇ ರೂಪಿಸಿದೆವು ಅಂತ ಬರೆಯೋಕೆ ಬರುತ್ತೆ, ಇಷ್ಟು ಗೊತ್ತಿಲ್ವಾ ನಿಂಗೆ?"

ಪೆನ್ಸಿಲಕ್ಕ ಅಲ್ಲೇ ಸ್ಟೂಲೆಳೆದು ಕೂತು, ಪರೀಕ್ಷಕರ ಮೂಗಿನಡಿಯಲ್ಲೇ ಮೂರು ಹೊಸ ಕಡ್ಡಿ ಮಾಡಿದಳು. ಬಣ್ಣ ಒಣಗುವವರೆಗೂ ಎಲ್ಲರೂ ಕಾದರು. ಮೂರನ್ನೂ ಅದ್ದಿದರು. ಮೂರು ಸಲವೂ ಅದೇ ದಿಬ್ಬ, ಅದೇ ಎತ್ತರ.

ಪರೀಕ್ಷಕರಲ್ಲಿ ಹಿರಿಯಾಕೆ ಲೇಖನದ ಮೊದಲ ಹಾಳೆ ತಿರುಗಿಸಿ ನೋಡಿದರು. "ಇವರ ಹೆಸರು ಇದರಲ್ಲಿ ಯಾಕಿಲ್ಲ? ಈಗಲೇ ಸೇರಿಸಿ" ಅಂದರು.

ಮೇಷ್ಟ್ರು ಪೆನ್ನು ತೆಗೆದರು. ಹಾಳೆಯ ಮೇಲೆ ಬಗ್ಗಿದರು. ಪೆನ್ನು ಅಲ್ಲೇ ನಿಂತಿತು. ಹುಡುಗಿಯ ಕಡೆ ನೋಡಿದರು, ಅವಳು ನೆಲ ನೋಡಿದಳು. "ಇವರು... ಇವರನ್ನ ನಾವೆಲ್ಲ..." ಅಂತ ತೊದಲಿದರು. ಪೆನ್ಸಿಲಕ್ಕನ ಅಸಲು ಹೆಸರು ಅಲ್ಲಿದ್ದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಅವಳ ಕಣ್ಣು ತುಂಬಿತು, ಸಿಟ್ಟಿನಿಂದ. ಮೇಷ್ಟ್ರ ಕೈಯಿಂದ ಪೆನ್ನು ಕಿತ್ತುಕೊಂಡು ತನ್ನ ಹೆಸರನ್ನು, ಅಪ್ಪನ ಹೆಸರು ಸಮೇತ, ದಪ್ಪಕ್ಷರದಲ್ಲಿ ಬರೆದಳು. ಹಾಳೆಯನ್ನು ಅವರ ಮುಖದ ಮುಂದೆ ಹಿಡಿದಳು.

"ಗಟ್ಟಿಯಾಗಿ ಓದಿ ಸಾರ್" ಅಂದಳು.