ಸೀರೆ ಉಟ್ಟ ಸೋದರಮಾವ

ಮೊದಲೇ ಹೇಳಿಬಿಡುತ್ತೇನೆ, ಆ ದಿನ ದುಃಖದ ಮನೆಯಲ್ಲಿ ಜನರನ್ನು ನಗಿಸಿದವನು ನಾನೇ. ನಗಿಸಿದ್ದಕ್ಕೆ ತಲೆಗೆ ಹೊಸ ಪಟಗಾವನ್ನೂ ಸುತ್ತಿಸಿಕೊಂಡೆ. ಪಟಗಾ ನಿಲ್ಲುವಷ್ಟು ಕೂದಲು ತಲೆಯ ಮೇಲಿತ್ತು. ತಲೆಯ ಒಳಗೆ ಇರಬೇಕಾದದ್ದು ಇರಲಿಲ್ಲ.

ನನಗೊಂದು ಚಟ. ಯಾರು ಹೇಗೆ ಮಾತಾಡಿದರೂ ಹಾಗೆಯೇ ಮಾತಾಡಿ ತೋರಿಸುವುದು. ನರಗುಂದದ ಎತ್ತಿನ ದಲ್ಲಾಳಿ, ಮೂಗಿನಲ್ಲಿ ಪಾಠ ಹೇಳುವ ನಮ್ಮ ಮಾಸ್ತರು, ರೋಣದ ಪೇಟೆಯಲ್ಲಿ ಹತ್ತಿ ಮಾರುವಾಗ ಬಡವನಾಗಿಬಿಡುವ ನಮ್ಮಪ್ಪ, ಯಾರನ್ನೂ ಬಿಟ್ಟಿರಲಿಲ್ಲ. ಹುಡುಗಿಯೊಬ್ಬಳ ಮುಂದೆ ತೊದಲುವ ನನ್ನನ್ನೂ ನಾನೇ ಅಣಕಿಸಿ, ಅವಳಿಗೇ ಕೇಳಿಸುವಂತೆ ಮಾಡಿಕೊಂಡಿದ್ದೆ.

ರಾಜೂರಿನಲ್ಲಿದ್ದ ನನ್ನ ಸೋದರಮಾವ ಸೀರೆ ಉಡುತ್ತಿದ್ದಳು. ನಮ್ಮವ್ವನ ಅಕ್ಕ ಆಕೆ. ಅಜ್ಜನಿಗೆ ಗಂಡುಮಕ್ಕಳಿರಲಿಲ್ಲ. ಅಂಥ ಮನೆಯಲ್ಲಿ ಹಿಂದೆ ಹಿರಿಯ ಮಗಳಿಗೆ ದೇವರ ಮುಂದೆ ಮುತ್ತು ಕಟ್ಟಿ ಬಸವಿ ಬಿಡುತ್ತಿದ್ದರು. ಆಕೆಯನ್ನೂ ಹಾಗೆ ಬಿಟ್ಟರು; ಅವತ್ತಿನಿಂದ ಆಕೆ ಆ ಮನೆಯ ಮಗ. ಮದುವೆಯಿಲ್ಲ, ತವರು ಬಿಟ್ಟು ಹೋಗುವಂತಿಲ್ಲ. ತಂದೆಯ ಹೊಲ ನೋಡುವವಳೂ ಆಕೆ, ತಂದೆ ಸತ್ತರೆ ಮೊದಲ ಮಣ್ಣು ಹಾಕುವವಳೂ ಆಕೆ. ನಿನಗೆ ಒಪ್ಪಿಗೆಯೇ ಎಂದು ಯಾರೂ ಕೇಳಿರಲಿಲ್ಲ. ಕೇಳಿದ್ದರೂ ತಿಳಿದು ಹೇಳುವ ವಯಸ್ಸು ಆಕೆಯದಾಗಿರಲಿಲ್ಲ. ಬಸವಿ ಬಿಡುವುದನ್ನು ಸರಕಾರ ಆಮೇಲೆ ನಿಲ್ಲಿಸಿತು. ಬಿಟ್ಟಾಗಿದ್ದವರನ್ನು ಏನು ಮಾಡಬೇಕೆಂದು ಹೇಳಲಿಲ್ಲ.

ನಮ್ಮ ಕಡೆ ಹೆಂಗಸರು ಮುಟ್ಟದ ಕೂರಿಗೆಯನ್ನು ಹಿಡಿದು ಆಕೆ ಜೋಳ ಬಿತ್ತುತ್ತಿದ್ದಳು. ನನ್ನ ಜವಳದಲ್ಲಿ ಮೊದಲ ಕೂದಲು ಕತ್ತರಿಸಿದವಳೂ ಆಕೆಯೇ. ಅದು ಸೋದರಮಾವನ ಕೆಲಸ ತಾನೆ. ನಾನು "ಮಾವಾ" ಎಂದೇ ಕರೆಯುತ್ತಿದ್ದೆ. ಆಕೆಯ ಬೀಸುಗಾಲಿನ ನಡಿಗೆಯನ್ನು ಆಕೆಯ ಬೆನ್ನ ಹಿಂದೆಯೇ ನಡೆದು ತೋರಿಸುತ್ತಿದ್ದೆ.

"ಏ ಮಂಗ್ಯಾ, ನನ್ನಂಗ ನಡದ್ರ ಸಾಲ್ದು, ನನ್ನಂಗ ದುಡೀಬೇಕು," ಎನ್ನುತ್ತಿದ್ದಳು. ನಕ್ಕೇ ಎನ್ನುತ್ತಿದ್ದಳು.

ನಾವಿನ್ನೂ ಮುಂಬೈ ಸರಕಾರದ ಕೆಳಗಿದ್ದ ಕಾಲ. ತಂದೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಎನ್ನುವ ಕಾಯ್ದೆ ದಿಲ್ಲಿಯಲ್ಲಿ ಪಾಸಾಯಿತು. ಕಾಯ್ದೆ ಒಳ್ಳೆಯದೇ, ಈಗಲೂ ಅನ್ನುತ್ತೇನೆ. ಆದರೆ ರೋಣದ ಚಹಾದಂಗಡಿಯಲ್ಲಿ ಇಬ್ಬರು ವಕೀಲರಿಗೆ ಜಗಳ ಹತ್ತಿಕೊಂಡಿತು. ಬಸವಿಯನ್ನು ಈ ಕಾಯ್ದೆ ಮಗ ಅನ್ನಬೇಕೋ, ಮಗಳು ಅನ್ನಬೇಕೋ? ಮಗನಾದರೆ ಪಿತ್ರಾರ್ಜಿತ ಹೊಲದಲ್ಲಿ ದೊಡ್ಡ ಪಾಲು, ಮಗಳಾದರೆ ಅಕ್ಕತಂಗಿಯರಿಗೆ ಸಮ ಪಾಲು.

"ಹುಟ್ಟಿದಾಗ ಸೂಲಗಿತ್ತಿ ಏನ್ ಹೇಳ್ಯಾಳ, ಅದ ಕಾಯ್ದೇರಿ," ಎನ್ನುತ್ತಿದ್ದರು ದಪ್ಪ ವಕೀಲರು.

"ಸೂಲಗಿತ್ತಿ ಒಂದ ಗಳಿಗಿ ಮೈ ನೋಡ್ಯಾಳ್ರಿ. ಊರು ಜನ್ಮಪೂರ್ತಿ ದುಡಿಮಿ ನೋಡೇತಿ. ಯಾವ್ದು ದೊಡ್ಡ ಸಾಕ್ಷಿ?" ಎನ್ನುತ್ತಿದ್ದರು ತೆಳ್ಳನೆಯವರು.

"ಕಾಯ್ದೆದಾಗ ಮಗ, ಮಗಳು, ಎರಡ ಅದಾವು. ನಿಮ್ಮ ಸಲುವಾಗಿ ಮೂರನೇದ್ದು ಎಲ್ಲಿಂದ ತರ್ಲಿ?"

ನನಗೆ ಹಬ್ಬ. ಇಬ್ಬರನ್ನೂ ಕಲಿತುಬಿಟ್ಟೆ. ನಮ್ಮಪ್ಪ ನನ್ನ ಅಣಕನ್ನು ಎಂದೂ ಮೆಚ್ಚಿದವನಲ್ಲ. ಈ ಸಲ ಮಾತ್ರ ಎರಡೆರಡು ಬಾರಿ ಹೇಳಿಸಿ ಕೇಳಿದ. ಯಾಕೆಂದು ನಾನು ಯೋಚಿಸಲಿಲ್ಲ.

ಅದೇ ಮಳೆಗಾಲ ಅಜ್ಜ ತೀರಿಕೊಂಡ. ಮೊದಲ ಮಣ್ಣನ್ನು ಆಕೆಯೇ ಹಾಕಿದಳು, ಯಾರೂ ತಕರಾರು ಮಾಡಲಿಲ್ಲ. ಸತ್ತವರ ದಿನದ ಕಾರ್ಯವಾದ ಮೇಲೆ ಮಗನಿಗೆ ಪಟಗಾ ಸುತ್ತಬೇಕು; ಮನೆಯ ಹಿರಿತನ ಅವನಿಗೆ ಬಂತೆಂದು ಊರ ಮುಂದೆ ತೋರಿಸುವುದು ಅದೇ. ಅಳಿಯನಾದ ನಮ್ಮಪ್ಪ ಗಜೇಂದ್ರಗಡದಿಂದ ಪಟಗಾ ತಂದಿದ್ದ. ಆಕೆ ಮಿಂದು ಬಂದು, ಬಟ್ಟೆ ಜಾರದಿರಲೆಂದು ಕೂದಲನ್ನು ಬಿಗಿಯಾಗಿ ಕಟ್ಟಿಕೊಂಡು, ಕಂಬಳಿಯ ಮೇಲೆ ಕೂತು ತಲೆ ಬಗ್ಗಿಸಿದಳು.

ಅಪ್ಪ ಪಟಗಾ ಬಿಚ್ಚಿದವನು ನಿಂತ. "ಹಿರಿಯಾರ, ಕಾಯ್ದೆ ಬದಲಾಗೇತಿ. ಇದನ್ನ ಯಾರಿಗೆ ಸುತ್ತೂದು, ಒಂದ್ ಮಾತು ಕೇಳ್ಬೇಕಲ್ರಿ," ಎಂದ. ಆಮೇಲೆ ನನ್ನ ಕಡೆ ತಿರುಗಿ, "ವಕೀಲರು ಏನಂತಾರ, ಹೇಳಿ ತೋರ್ಸೋ," ಎಂದ.

ತೋರಿಸಿದೆ. ಹೊಟ್ಟೆ ಮುಂದೆ ಮಾಡಿ ದಪ್ಪ ವಕೀಲರಾದೆ. ಜನ ಮುಗುಳ್ನಕ್ಕರು. ತೆಳ್ಳನೆಯವರಿಗೆ ಕೀರಲು ಧ್ವನಿಯಿತ್ತು. ಅದನ್ನು ಇನ್ನಷ್ಟು ಕೀರಲು ಮಾಡಿದೆ. ಜನ ಬಿದ್ದು ಬಿದ್ದು ನಕ್ಕರು. ಆಕೆಯ ಪರವಾಗಿ ಆಡಬಹುದಾಗಿದ್ದ ಒಂದೇ ಒಂದು ಮಾತು ಹೀಗೆ ನನ್ನ ಬಾಯಲ್ಲಿ ಹಾಳಾಯಿತು.

ನಗೆ ನಿಂತ ಮೇಲೆ ಊರ ಹಿರಿಯರೊಬ್ಬರು ಕಣ್ಣೊರೆಸಿಕೊಂಡು, "ಖರೇ ಐತಿ ಬಿಡ್ರಿ. ಹೆಣ್ಣಂದ್ರ ಹೆಣ್ಣು. ಮಗ ಇಲ್ಲಂದ್ರ ಮಮ್ಮಗಗ ಸುತ್ರಿ," ಎಂದರು.

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾವ ಯಾರೂ ಹೇಳುವ ಮೊದಲೇ ಕಂಬಳಿಯಿಂದ ಎದ್ದಳು. ನನ್ನನ್ನು ಕೂರಿಸಿದರು. ಆಕೆ ಕೂತಿದ್ದ ಜಾಗ ಇನ್ನೂ ಬೆಚ್ಚಗಿತ್ತು. ಅಪ್ಪ ಸುತ್ತಿದ, ನಾನು ಸುತ್ತಿಸಿಕೊಂಡೆ. ಬೇಡ ಎನ್ನಲು ಯಾರ ಧ್ವನಿಯೂ ನೆನಪಾಗಲಿಲ್ಲ.

"ನೀ ಏನೂ ಕಳಕೊಂಡಿಲ್ಲವ್ವಾ," ಎಂದು ಹಿರಿಯರು ಆಕೆಯನ್ನು ಸಮಾಧಾನಪಡಿಸಿದರು. "ನಿನ್ನ ತಂಗಿಗೆ ಎಷ್ಟೋ, ನಿನಗೂ ಅಷ್ಟ. ಇನ್ಮ್ಯಾಲೆ ನೀನೂ ಈ ಮನಿ ಮಗಳು."

ಆಗ ಆಕೆ ಆಡಿದ ಮಾತು ಕೇಳಿ ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಹೊಲದ ಪಾಲಿನ ಸುದ್ದಿಯನ್ನು ಅಪ್ಪ ಮತ್ತೆಂದೂ ಎತ್ತಲಿಲ್ಲ. ಪಟಗಾವನ್ನು ತೆಗೆದು ಆಕೆಯ ತಲೆಗೆ ಸುತ್ತಲು ಯಾರೂ ಮುಂದಾಗಲಿಲ್ಲ, ಸುತ್ತಿಕೊಂಡಿದ್ದ ನಾನೂ ಆಗಲಿಲ್ಲ. ಆಕೆ ಧ್ವನಿ ಏರಿಸಿರಲಿಲ್ಲ. ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ನಮ್ಮೆಲ್ಲರ ಮುಂದೆ ಒಡ್ಡಿ ನಿಂತು ಕೇಳಿದ್ದಳು:

"ಮಗಳಂದ್ರ ಉಡಿ ತುಂಬಿ ಗಂಡನ ಮನಿಗೆ ಕಳಸ್ಬೇಕಲ್ರಿ. ತುಂಬ್ರಿ. ಯಾ ಊರಿಗೆ ಹೋಗ್ಲಿ, ಅದೊಂದು ಹೇಳ್ರಿ."