ಜೌಗಿಗೊಬ್ಬ ಟಿಕೆಟ್ ಕಲೆಕ್ಟರು
ನಮ್ಮ ಬೀದಿಯ ಟೀಸಿ ಸಾಹೇಬರು ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರಾಗಿ ನಿವೃತ್ತರಾದವರು, ಆದರೆ ತಪಾಸಣೆಯ ಚಾಳಿ ಬಿಟ್ಟವರಲ್ಲ. ಬೇಸಿಗೆಯ ಬೆಳಗು ಕೊಡೆ ಹಿಡಿದು ಊರಾಚೆಯ ಜೌಗಿನ ಸುತ್ತ ಹೊರಟರೆಂದರೆ ಹೂವಿಗೂ ಹಕ್ಕಿಗೂ ವಿಚಾರಣೆ ತಪ್ಪಿದ್ದಲ್ಲ. ನಿನ್ನೆ ಇಲ್ಲದ ನೀಲಿ ಹೂವೊಂದು ಇಂದು ಅರಳಿದ್ದರೆ, ಕೊಡೆಯ ತುದಿಯಿಂದ ಎಲೆ ಸರಿಸಿ, "ನೀನ್ಯಾವಾಗ ಹತ್ತಿದ್ಯಪ್ಪಾ?" ಎನ್ನುತ್ತಾರೆ. ಒಂಟಿಕಾಲಲ್ಲಿ ನಿಂತ ಕೊಕ್ಕರೆಗೆ, "ನಿದ್ದೆ ನಾಟಕ ಆಡೋರನ್ನ ಬೋಗಿಗಟ್ಟಲೆ ನೋಡಿದೀನಿ" ಎಂದು ಗದರುತ್ತಾರೆ. ಹೆಂಡತಿ ಕೊಟ್ಟ ಚಹಾವನ್ನೂ ಮೂಸಿಯೇ ಕುಡಿಯುವ ಆಸಾಮಿ. "ಮದುವೆ ಆದಾಗಿಂದ ಹೀಗೇ, ಇನ್ನೂ ಬದುಕಿದಾರೆ ನೋಡಿ" ಎಂದು ಆಕೆ ನಗುತ್ತಾರೆ. ಇನ್ನು ಕ್ಯಾಮೆರಾ ಹೊತ್ತು ಬಂದವರ ಪಾಡು ಕೇಳುವುದೇ ಬೇಡ. ಜೊಂಡಿಗೆ ಅಡ್ಡ ನಿಂತು, "ಇಲ್ಲಿ ಗೂಡಿದೆ ಅಂತ ಯಾರ್ರೀ ಹೇಳಿದ್ದು? ಕಾಲಿಟ್ರೆ ನೋಡಿ!" ಎಂದು ಊರಿಗೇ ಕೇಳುವಂತೆ ಕೂಗುತ್ತಾರೆ. ಇಷ್ಟೊಂದು ಕಾಯುವಂಥದ್ದು ಅಲ್ಲೇನಿದೆಯೆಂದು ನನಗೂ ಅನುಮಾನ ಹತ್ತಿ, ಮೊನ್ನೆ ಅವರಿಲ್ಲದಾಗ ಜೊಂಡು ಸರಿಸಿ ನೋಡಿದೆ. ಕೆಸರು ಬಿಟ್ಟರೆ ಒಂದು ಕಪ್ಪೆ. ಪೆಚ್ಚಾಗಿ ಹಿಂತಿರುಗುವಾಗ, ಅವರು ದಿನಾ ತುಟಿಪಿಟಿಕ್ಕೆನ್ನದೆ ದಾಟಿಹೋಗುವ ಕಲ್ಲುದಿಣ್ಣೆಗೆ ಕಾಲಿಟ್ಟೊಡನೆ ಟಿಟ್ಟಿಭ ಹಕ್ಕಿಯೊಂದು ಸದ್ದಿಲ್ಲದೆ ಎದ್ದು ದೂರ ಓಡಿತು. ಅಲ್ಲಿ, ಬರಿಯ ನೆಲದ ಮೇಲೆ ನಿಂತು, ಗೂಡು ಅಲ್ಲೇ ಇದೆಯೇನೋ ಎಂಬಂತೆ ಲಬೋಲಬೋ ಎಂದು ಅರಚತೊಡಗಿತು, ಥೇಟ್ ಟೀಸಿ ಸಾಹೇಬರ ಹಾಗೆ. ತಟ್ಟನೆ ಕೆಳಗೆ ನೋಡಿದೆ: ನನ್ನ ಚಪ್ಪಲಿಯ ಪಕ್ಕದಲ್ಲೇ, ಕಲ್ಲುಗಳ ನಡುವೆ ಕಲ್ಲಿನದೇ ಬಣ್ಣದ ಮೊಟ್ಟೆಗಳು. ಅಂದಿನಿಂದ ಅವರು ಜೊಂಡಿನೆದುರು ಕೂಗುವಾಗ ನಾನೂ ದನಿಗೂಡಿಸುತ್ತೇನೆ. ಅವರು ಮಾತ್ರ ನನ್ನ ಚಪ್ಪಲಿಯನ್ನೇ ಗುಮಾನಿಯಿಂದ ನೋಡುತ್ತಾರೆ.